ಎರಡನೆಯ ನಡೆ

ಚದುರಂಗದಲ್ಲಿ ಬಿಳಿ ಕಾಯಿಯವರೇ ಮೊದಲು ಆಡಬೇಕೆಂಬುದು ಬ್ರಹ್ಮಲಿಖಿತವೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕಪ್ಪಿನವರು ಮೊದಲು ಆಡಿದ ಆಟಗಳು ಬೇಕಾದಷ್ಟಿವೆ. ಆ ಶತಮಾನ ಮುಗಿಯುವ ಹೊತ್ತಿಗೆ ಬಿಳಿಗೇ ಮೊದಲ ನಡೆ ಎಂಬುದು ನಿಯಮವಾಗಿ ಗಟ್ಟಿಯಾಯಿತು. ಅಂದಿನಿಂದ ಕಪ್ಪು ಎಂದರೆ ಉತ್ತರ ಕೊಡುವವರ ಬಣ್ಣ. ಬಿಳಿಯವನು ಒಂದು ಕಾಯಿ ಮುಂದಿಡುತ್ತಾನೆ, ಕಪ್ಪಿನವಳು ಅದಕ್ಕೆ ಏನಾದರೂ ಹೇಳಬೇಕು. ದೊಡ್ಡ ಪಂದ್ಯಗಳ ಲೆಕ್ಕ ಇಟ್ಟವರು ಹೇಳುವಂತೆ ಒಟ್ಟು ಅಂಕಗಳಲ್ಲಿ ಬಿಳಿಯ ಪಾಲಿಗೆ ನೂರಕ್ಕೆ 52ರಿಂದ 56ರಷ್ಟು ಬರುತ್ತದೆ. ಉಳಿದದ್ದು ಕಪ್ಪಿಗೆ. ಒಂದೇ ಒಂದು ನಡೆ ಮೊದಲು ಸಿಕ್ಕಿದ್ದಕ್ಕೆ ಇಷ್ಟು ವ್ಯತ್ಯಾಸ. ತೀರಾ ಅನ್ಯಾಯವೆನ್ನುವ ಹಾಗೂ ಇಲ್ಲ, ಸರಿಸಮ ಎನ್ನುವ ಹಾಗೂ ಇಲ್ಲ. ನಮ್ಮ ಹೆಣ್ಣುಮಕ್ಕಳಿಗೆ ತವರಿನಲ್ಲಿ ಸಿಗುವ ಪಾಲು ಈ ನಲವತ್ತೈದರ ಆಸುಪಾಸಿನಲ್ಲಾದರೂ ಇದ್ದಿದ್ದರೆ ನಾನು ಈ ಲೇಖನ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲವೇನೋ.

ನಮ್ಮ ಮನೆಯಲ್ಲಿ, ಪುತ್ತೂರಿನಿಂದ ಎರಡು ಬಸ್ಸು ಬದಲಿಸಿ ಹೋಗಬೇಕಾದ ಒಂದು ಅಡಿಕೆ ತೋಟದ ನಡುವಿನ ಮನೆಯಲ್ಲಿ, ಬಿಳಿ ಯಾರಿಗೆ ಕಪ್ಪು ಯಾರಿಗೆ ಎಂದು ಚೀಟಿ ಎತ್ತುವ ಕ್ರಮವಿರಲಿಲ್ಲ. ಬಿಳಿ ಅಣ್ಣನಿಗೆ. ಅಣ್ಣ ಇಲ್ಲದಿದ್ದರೆ ತಮ್ಮನಿಗೆ. ಹುಡುಗಿಯರು ಆಡುವುದೇ ಹೆಚ್ಚು, ಕಪ್ಪಾದರೇನು ಎಂಬ ಧೋರಣೆ. ಆ ಕಪ್ಪು ಕಾಯಿಗಳಲ್ಲಿ ಒಂದು ಕುದುರೆ ಎಲ್ಲೋ ಕಳೆದುಹೋಗಿ ಅದರ ಜಾಗದಲ್ಲಿ ಹೊಲಿಗೆ ಮಿಷನ್ನಿನ ಖಾಲಿ ನೂಲುಂಡೆಯೊಂದು ಕುದುರೆಯ ಕೆಲಸ ಮಾಡುತ್ತಿತ್ತು. ಅಂಗಡಿಯ ಕುದುರೆಗಿಂತ ಅದೇ ಚೆನ್ನಾಗಿ ಜಿಗಿಯುತ್ತಿತ್ತು ಎಂದು ನನಗೆ ಈಗಲೂ ಅಭಿಮಾನ.

ನಿಜ ಹೇಳಬೇಕೆಂದರೆ ಆಟಿ ತಿಂಗಳ ಮಳೆಯಲ್ಲಿ ನಮ್ಮ ಕಡೆಯ ಹೆಂಗಸರ ಆಟ ಚದುರಂಗವಲ್ಲ, ಚೆನ್ನೆಮಣೆ. ಏಳೇಳರಂತೆ ಎರಡು ಸಾಲು, ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ. ಆದರೆ ಅಕ್ಕತಂಗಿಯರು ಎದುರು ಬದುರು ಕುಳಿತು ಚೆನ್ನೆ ಆಡಬಾರದು ಎಂದು ಅಜ್ಜಿ ಗದರುತ್ತಿದ್ದರು. ಕಾರಣ ತುಳುವರಿಗೆಲ್ಲ ಗೊತ್ತು. ಸಿರಿಯ ಪಾಡ್ದನದಲ್ಲಿ ಅವಳಿ ತಂಗಿಯರಾದ ಅಬ್ಬಗ ದಾರಗರು ಚೆನ್ನೆ ಆಡುತ್ತಾ ಜಗಳವಾಗಿ, ಅಬ್ಬಗ ಅದೇ ಮಣೆಯಿಂದ ದಾರಗನಿಗೆ ಹೊಡೆಯುತ್ತಾಳೆ. ದಾರಗ ಸಾಯುತ್ತಾಳೆ, ಅಬ್ಬಗ ಬಾವಿಗೆ ಹಾರುತ್ತಾಳೆ. ಆಟದ ಹಲಗೆ ಯಾವ ಕ್ಷಣದಲ್ಲಿ ಆಯುಧವಾಗುತ್ತದೋ ಹೇಳಲಾಗದು. ಅಜ್ಜಿಯ ಈ ಕಟ್ಟಳೆಯಿಂದಾಗಿಯೇ ನಾನೂ ನನ್ನ ತಂಗಿಯೂ ಚದುರಂಗಕ್ಕೆ ಬಂದೆವು. ಚದುರಂಗಕ್ಕೆ ಅಜ್ಜಿಯ ನಿಷೇಧವಿರಲಿಲ್ಲ. ಅದು ಗಂಡಸರ ಆಟ, ಅದರಲ್ಲಿ ಅಕ್ಕತಂಗಿಯರು ಎದುರು ಬದುರಾಗುವ ಪ್ರಸಂಗವೇ ಬರಲಿಕ್ಕಿಲ್ಲ ಎಂದು ಅವರು ತಿಳಿದಿರಬೇಕು.

ಹೀಗೆ ಅಜ್ಜಿ ಮಾತ್ರ ತಿಳಿದಿದ್ದಲ್ಲ. ಭಾರತದ ಮಹಿಳೆಯರಿಗಾಗಿ ಮೊದಲ ರಾಷ್ಟ್ರೀಯ ಚೆಸ್ ಪಂದ್ಯ ನಡೆದದ್ದು 1974ರಲ್ಲಿ, ನಮ್ಮದೇ ಬೆಂಗಳೂರಿನಲ್ಲಿ. ಗೆದ್ದವರು ಮುಂಬಯಿಯ ವಾಸಂತಿ ಖಾಡಿಲ್ಕರ್. ಅವರ ತಂಗಿ ರೋಹಿಣಿ 1976ರಲ್ಲಿ ಗಂಡಸರ ರಾಷ್ಟ್ರೀಯ ಪಂದ್ಯಕ್ಕೆ ಕುಳಿತಾಗ ದೊಡ್ಡ ಗದ್ದಲವೇ ಎದ್ದಿತು. ವಿಷಯ ಹೈಕೋರ್ಟಿನವರೆಗೆ ಹೋಯಿತು. ವಿಶ್ವ ಚೆಸ್ ಸಂಸ್ಥೆಯ ಆಗಿನ ಅಧ್ಯಕ್ಷ ಮ್ಯಾಕ್ಸ್ ಯೂವೆ ಅವರು ಹೆಂಗಸರನ್ನು ರಾಷ್ಟ್ರೀಯ ಪಂದ್ಯಗಳಿಂದ ಹೊರಗಿಡುವಂತಿಲ್ಲ ಎಂದು ತೀರ್ಪು ಕೊಡಬೇಕಾಯಿತು. ಹಲಗೆಯ ಮುಂದೆ ಕುಳಿತುಕೊಳ್ಳುವುದಕ್ಕೇ ಇಷ್ಟು ಹೋರಾಟವಾದರೆ ಮೊದಲ ನಡೆಯ ಮಾತು ದೂರವೇ ಉಳಿಯಿತು.

ಈಗ ನಿವೃತ್ತಿಯ ಮೇಲೆ ಪುತ್ತೂರಿನ ಮನೆಯಲ್ಲಿ ಸಂಜೆ ನಾಲ್ಕೈದು ಮಕ್ಕಳಿಗೆ ನನಗೆ ತಿಳಿದಷ್ಟು ಹೇಳಿಕೊಡುತ್ತೇನೆ. ಅವರು ನನಗಿಂತ ಬೇಗ ಕಲಿಯುತ್ತಾರೆ. ಮೊಬೈಲಿನಲ್ಲಿ ದೇಶ ವಿದೇಶದ ಆಟ ನೋಡಿ ಬಂದು ನನಗೇ ಪ್ರಶ್ನೆ ಹಾಕುತ್ತಾರೆ. ಕಪ್ಪು ಬಂದರೆ ಯಾವ ಆಟ ಆಡಬೇಕು ಎಂದು ಅವರು ಕೇಳಿದಾಗ ನಾನು ಹೇಳುವುದು ಒಂದೇ: ಕಿಂಗ್ಸ್ ಇಂಡಿಯನ್. ಇದಕ್ಕಿಂತ ಭದ್ರವಾದ ಆಟಗಳಿಲ್ಲವೆಂದಲ್ಲ. 1886ರಲ್ಲಿ ಹೊರಾಷಿಯೊ ಕಾರೊ, ಮಾರ್ಕಸ್ ಕಾನ್ ಎಂಬಿಬ್ಬರು ಪರಿಶೋಧಿಸಿ ಹೆಸರಿತ್ತ ಕಾರೊ-ಕಾನ್ ಇದೆ, ಸುಲಭಕ್ಕೆ ಬೀಳದ ಗೋಡೆಯಂಥದ್ದು. 1834ರಲ್ಲಿ ಲಂಡನ್ನಿನವರಿಗೂ ಪ್ಯಾರಿಸಿನವರಿಗೂ ಕಾಗದದ ಮೂಲಕ ನಡೆದ ಪಂದ್ಯದಿಂದ ಹೆಸರು ಪಡೆದ ಫ್ರೆಂಚ್ ಇದೆ. ಆದರೆ ಕಿಂಗ್ಸ್ ಇಂಡಿಯನ್ನಿನಲ್ಲಿ ನನಗೆ ಬೇಕಾದ ಒಂದು ಪ್ರಶ್ನೆ ಅಡಗಿದೆ.

ಹೆಸರಿನಲ್ಲಿ ಇಂಡಿಯನ್ ಯಾಕೆ ಬಂತು ಎಂಬ ಕಥೆಯೂ ಚೆನ್ನಾಗಿದೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಕಲ್ಕತ್ತೆಯಲ್ಲಿ ಜಾನ್ ಕಾಕ್ರೇನ್ ಎಂಬ ಸ್ಕಾಟ್ಲೆಂಡಿನ ವಕೀಲನಿದ್ದ, ಒಳ್ಳೆಯ ಆಟಗಾರ. ಅವನ ಎದುರು ಕೂತು ನೂರಾರು ಆಟ ಆಡಿದವರು ಮಹೇಶ್ಚಂದ್ರ ಬ್ಯಾನರ್ಜಿ ಎಂಬ ಬಂಗಾಳದ ಹಳ್ಳಿಗಾಡಿನವರು. ಆಗ ನಮ್ಮ ದೇಶದ ಚದುರಂಗದಲ್ಲಿ ಕಾಲಾಳು ಮೊದಲ ಸಲ ಎರಡು ಮನೆ ಹಾರುವ ಪದ್ಧತಿ ಇರಲಿಲ್ಲ, ಒಂದೊಂದೇ ಹೆಜ್ಜೆ. ಆ ಅಭ್ಯಾಸದಲ್ಲಿ ಬೆಳೆದ ಮಹೇಶ್ಚಂದ್ರರು ಕಪ್ಪು ಹಿಡಿದಾಗ ನಡುವಿನ ಮನೆಗಳಿಗಾಗಿ ಬಡಿದಾಡದೆ ಕಾಲಾಳುಗಳನ್ನು ಒಂದೊಂದೇ ಹೆಜ್ಜೆ ಸರಿಸಿ, ಒಂಟೆಯನ್ನು ಮೂಲೆಯ ಹತ್ತಿರದ ಮನೆಯಲ್ಲಿ ಕೂರಿಸುತ್ತಿದ್ದರು. ಯುರೋಪಿನವರಿಗೆ ಇದು ವಿಚಿತ್ರವಾಗಿ ಕಂಡಿತು. ಮುಂದೆ ಈ ಬಗೆಯ ಆಟಗಳಿಗೆಲ್ಲ ಇಂಡಿಯನ್ ಎಂಬ ಹೆಸರು ಅಂಟಿತು. ಬೇರೆ ಕಾನೂನಿನಲ್ಲಿ ಕಲಿತವರು ಹೊಸ ಕಾನೂನಿನ ಹಲಗೆಗೆ ಬಂದು ಕೂತಾಗ ಹಳೆಯ ಅಭ್ಯಾಸವೇ ಒಂದು ಉಪಾಯವಾಯಿತು, ನೋಡಿ. ಮದುವೆಯಾಗಿ ಬೇರೆ ಮನೆಗೆ ಬಂದ ಯಾವ ಸೊಸೆಗೂ ಇದು ಅರ್ಥವಾಗದ ಮಾತಲ್ಲ.

ಇನ್ನು ಆಟ. ಬಿಳಿಯವನು ಮಂತ್ರಿಯ ಮುಂದಿನ ಕಾಲಾಳನ್ನು, ಆಮೇಲೆ ಅದರ ಎಡಬಲದವರನ್ನು ನಡುವಿಗೆ ತಂದು ಮೂವರ ಸಾಲು ನಿಲ್ಲಿಸುತ್ತಾನೆ. ಹಲಗೆಯ ನಡುಮನೆಯೆಲ್ಲ ಅವನದೇ. ಈ ಮಂತ್ರಿಯನ್ನು ಈಗಿನ ಮಕ್ಕಳು ರಾಣಿ ಎನ್ನುತ್ತಾರೆ. ಹಿಂದೆ ಮಂತ್ರಿಗೆ ಒಂದೇ ಮನೆ ಓರೆಯಾಗಿ ಸರಿಯುವ ಶಕ್ತಿ ಇದ್ದದ್ದು. ಹದಿನೈದನೆಯ ಶತಮಾನದ ಕೊನೆಯಲ್ಲಿ ಯುರೋಪಿನವರು ಅದನ್ನು ಇಡೀ ಹಲಗೆ ಸುತ್ತುವ ರಾಣಿಯಾಗಿ ಮಾಡಿದರು. ನಮ್ಮ ಮನೆಯಲ್ಲಿ ಶಕ್ತಿ ರಾಣಿಯದು, ಹೆಸರು ಮಾತ್ರ ಮಂತ್ರಿ. ಇದರ ಬಗ್ಗೆಯೇ ಬೇರೊಂದು ಲೇಖನ ಬರೆಯಬಹುದು, ಇರಲಿ. ಕಪ್ಪಿನವಳು ಏನು ಮಾಡುತ್ತಾಳೆ? ರಾಜನ ಕಡೆಯ ಕುದುರೆಯನ್ನು ಹೊರಗೆ ತರುತ್ತಾಳೆ. ಕುದುರೆಯ ಮುಂದಿದ್ದ ಕಾಲಾಳನ್ನು ಒಂದು ಹೆಜ್ಜೆ ಸರಿಸಿ ಆ ಸಂದಿಯಲ್ಲಿ ಒಂಟೆಯನ್ನು ಕೂರಿಸುತ್ತಾಳೆ. ಮಂತ್ರಿಯ ಮುಂದಿನ ಕಾಲಾಳನ್ನು ಒಂದೇ ಹೆಜ್ಜೆ. ಆಮೇಲೆ ಕೋಟೆ ಕಟ್ಟಿ ರಾಜನನ್ನು ಒಳಗೆ ಸೇರಿಸುತ್ತಾಳೆ. ನೋಡುವವರಿಗೆ ಅವಳು ಹಿತ್ತಿಲಲ್ಲಿ ಪಾತ್ರೆ ಜೋಡಿಸುತ್ತಿದ್ದಾಳೆ, ಅವನು ಚಾವಡಿಯಲ್ಲಿ ಕಾಲು ಚಾಚಿ ಕೂತಿದ್ದಾನೆ ಎಂಬಂತೆ ಕಾಣುತ್ತದೆ. ಬಹಳ ಕಾಲ ದೊಡ್ಡ ಆಟಗಾರರೂ ಹಾಗೆಯೇ ತಿಳಿದಿದ್ದರು. 1940ರ ದಶಕದಲ್ಲಿ ಬ್ರಾನ್‌ಸ್ಟೈನ್, ಬೊಲೆಸ್ಲಾವ್‌ಸ್ಕಿಯಂಥ ಸೋವಿಯತ್ ಆಟಗಾರರು ಇದನ್ನು ಎತ್ತಿ ಹಿಡಿದ ಮೇಲೆಯೇ ಇದಕ್ಕೆ ಮರ್ಯಾದೆ ಬಂದದ್ದು. ಆಮೇಲೆ ಫಿಷರ್, ಕಾಸ್ಪರೋವ್ ಇದನ್ನೇ ಹಿಡಿದು ಎಷ್ಟೋ ಆಟ ಗೆದ್ದರು.

ಮರ್ಮ ಇರುವುದು ಮುಂದಿನ ನಡೆಯಲ್ಲಿ. ಮನೆ ಕಟ್ಟಿಕೊಂಡ ಮೇಲೆ ಕಪ್ಪಿನವಳು ರಾಜನ ಕಡೆಯ ಕಾಲಾಳನ್ನು ಎರಡು ಮನೆ ಮುಂದೂಡಿ ಬಿಳಿಯ ನಡುಸಾಲಿಗೆ ನೇರವಾಗಿ ಕೈ ಹಾಕಬೇಕು. ಇದನ್ನು ಒಡೆಯುವ ನಡೆ ಎನ್ನೋಣ. ಅದಕ್ಕೆ ಮೊದಲಿನದೆಲ್ಲ ಈ ಒಂದು ನಡೆಗಾಗಿ ಮಾಡಿಟ್ಟ ಸಿದ್ಧತೆ. ಇದನ್ನು ಆಡದೆ ಸುಮ್ಮನೆ ಕೂತರೆ ಬಿಳಿಯ ಸಾಲು ಹೆಜ್ಜೆ ಹೆಜ್ಜೆಯಾಗಿ ಮುಂದೊತ್ತಿ ಉಸಿರು ಕಟ್ಟಿಸುತ್ತದೆ. ಆಗ ಎಷ್ಟು ಚಂದ ಜೋಡಿಸಿಟ್ಟ ಕಾಯಿಗಳೂ ಉಪಯೋಗಕ್ಕಿಲ್ಲ.

ಬಿಳಿಯವನು ಹೆಚ್ಚಾಗಿ ಆ ಕಾಲಾಳನ್ನು ದಾಟಿ ಮುಂದೆ ಹೋಗಿ ನಡುವನ್ನು ಮುಚ್ಚಿಬಿಡುತ್ತಾನೆ. ಅಲ್ಲಿಗೆ ಹಲಗೆ ಎರಡು ಪಾಲಾಗುತ್ತದೆ. ಮಂತ್ರಿಯ ಕಡೆ ಬಿಳಿಯ ನುಗ್ಗಾಟ, ರಾಜನ ಕಡೆ ಕಪ್ಪಿನ ನುಗ್ಗಾಟ. ಈ ಹಂತದಲ್ಲಿ ಕಪ್ಪಿನವಳು ಮಾಡುವ ಒಂದು ಕೆಲಸ ಮಕ್ಕಳಿಗೆ ಅರ್ಥವಾಗಲು ತಿಂಗಳು ಹಿಡಿಯುತ್ತದೆ. ಚೆನ್ನಾಗಿ ನಿಂತಿದ್ದ ಕುದುರೆಯನ್ನು ಅವಳು ಹಿಂದಕ್ಕೆ ಕರೆದುಕೊಳ್ಳುತ್ತಾಳೆ. ಹಿಂದೆ ಯಾಕೆ ಟೀಚರ್ ಎಂದು ಕೇಳುತ್ತಾರೆ. ಕುದುರೆಯ ಬೆನ್ನ ಹಿಂದೆ ಒಂದು ಕಾಲಾಳು ದಾರಿ ಇಲ್ಲದೆ ನಿಂತಿದೆ, ಅದು ಮುಂದೆ ಹೋಗಲಿ ಎಂದು. ಹೋದ ಕಾಲಾಳಿನ ಜೊತೆ ಇನ್ನೊಂದು, ಮತ್ತೊಂದು ಸೇರಿ ಬಿಳಿಯ ರಾಜನ ಬಾಗಿಲಿಗೆ ಹೋಗುತ್ತವೆ. 1953ರಲ್ಲಿ ಅರ್ಜೆಂಟೀನಾದ ಮಾರ್ ಡೆಲ್ ಪ್ಲಾಟಾದಲ್ಲಿ ಗ್ಲಿಗೊರಿಚ್ ಎಂಬ ಯುಗೊಸ್ಲಾವಿಯದ ಆಟಗಾರ ಕಪ್ಪು ಹಿಡಿದು ನಾಯ್ಡೋರ್ಫ್‌ನನ್ನು ಹೀಗೆಯೇ ಸೋಲಿಸಿದ. ಆ ದಾರಿಗೆ ಈಗಲೂ ಆ ಊರಿನದೇ ಹೆಸರು.

ಎರಡು ಒಂಟೆಗಳ ಬಗ್ಗೆಯೂ ಹೇಳಬೇಕು. ಮೂಲೆಯಲ್ಲಿ ಕೂತ ಒಂಟೆ ತನ್ನ ರಾಜನ ಕಾವಲು. ಅದೇ ಹೊತ್ತಿಗೆ ಅದರ ದೃಷ್ಟಿ ಓರೆಯಾಗಿ ಹಲಗೆಯ ಆ ತುದಿಯವರೆಗೆ. ಮಧ್ಯೆ ತನ್ನದೇ ಕಾಲಾಳು ದಾರಿ ಮುಚ್ಚುವುದೂ ಉಂಟು, ಆಗಲೂ ಕಾವಲು ಬಿಡುವುದಿಲ್ಲ. ಇನ್ನೊಂದು ಒಂಟೆ ಹುಟ್ಟಿದ ಮನೆಯಲ್ಲೇ ಕೂತಿರುತ್ತದೆ. ಇಪ್ಪತ್ತು ನಡೆಯಾದರೂ ಹೊರಗೆ ಹೊರಟಿರುವುದಿಲ್ಲ. ಕಲಿಯುವವರು ಅದು ಸೋಮಾರಿ ಕಾಯಿ, ಯಾವುದಕ್ಕಾದರೂ ಬದಲು ಕೊಟ್ಟುಬಿಡೋಣ ಎನ್ನುತ್ತಾರೆ. ಕೊಟ್ಟರೆ ಆಟ ಹೋಯಿತು. ಕೊನೆಯಲ್ಲಿ ಬಿಳಿಯ ರಾಜನ ಮುಂದಿನ ಗೋಡೆ ಒಡೆಯುವುದು ಹೆಚ್ಚಾಗಿ ಆ ಮನೆಯಲ್ಲಿ ಕೂತ ಒಂಟೆಯೇ.

ಇದೆಲ್ಲ ಗೆಲುವಿನ ಗ್ಯಾರಂಟಿಯಲ್ಲ. ಕಂಪ್ಯೂಟರುಗಳಿಗೆ ಈ ಆಟ ಅಷ್ಟೇನೂ ಹಿಡಿಸುವುದಿಲ್ಲ, ಬಿಳಿಯದೇ ಮೇಲುಗೈ ಎಂದು ತೋರಿಸುತ್ತವೆ. ಬಿಳಿಯ ನುಗ್ಗಾಟ ಒಂದು ನಡೆ ಮೊದಲು ತಲುಪಿದರೆ ಕಪ್ಪಿನ ಕಥೆ ಮುಗಿಯಿತು.

ನನ್ನ ದೊಡ್ಡಪ್ಪನ ಮಗಳೊಬ್ಬಳು, ನಾವೆಲ್ಲ ಅಕ್ಕ ಎನ್ನುವುದು. ಹುಟ್ಟಿದ್ದು ಸುಳ್ಯದ ಕಡೆ, ಪಯಸ್ವಿನಿಗೆ ಸೇರುವ ತೋಡಿನ ಬದಿಯ ಮನೆಯಲ್ಲಿ. ಕೊಟ್ಟದ್ದು ಕಡಬದ ಕಡೆಗೆ. ಚೆಸ್ಸಿನ ಗಂಧವಿಲ್ಲ ಅವಳಿಗೆ. ತವರಿನಲ್ಲಿ ಮೂವರು ತಮ್ಮಂದಿರು. ಮೂವತ್ತು ವರ್ಷ ಆ ಮನೆಯ ಪೂಜೆಗೆ, ತಿಥಿಗೆ, ಬಾಣಂತನಕ್ಕೆ ಅವಳೇ ಹೋಗಿ ಒಲೆ ಮುಂದೆ ನಿಂತವಳು. ದೊಡ್ಡಮ್ಮ ಹಾಸಿಗೆ ಹಿಡಿದಾಗ ಹನ್ನೊಂದು ತಿಂಗಳು ಚಾಕರಿ ಮಾಡಿದವಳು. ಯಾವ ಹೊತ್ತಿಗೂ ನನಗೆ ಇಂಥದ್ದು ಬೇಕು ಎಂದವಳಲ್ಲ. ನಾಲ್ಕು ವರ್ಷದ ಹಿಂದೆ ಸಣ್ಣ ತಮ್ಮ ಜೀಪು ತೆಗೆದುಕೊಂಡು ಬಂದ. "ಬಾ ಅಕ್ಕ, ರಿಜಿಸ್ಟ್ರಿ ಆಫೀಸಿಗೆ ಹೋಗಿ ಬರುವ. ಒಂದು ಸೈನ್ ಹಾಕ್ಲಿಕ್ಕುಂಟು" ಎಂದ. ಯಾವುದಕ್ಕೆ ಸೈನ್ ಎಂದು ನಿಮಗೆ ಹೇಳಬೇಕಾಗಿಲ್ಲ. ತೋಟದಲ್ಲಿ ನನ್ನ ಹಕ್ಕನ್ನು ಸಂತೋಷದಿಂದ ಬಿಟ್ಟುಕೊಟ್ಟಿದ್ದೇನೆ ಎಂಬ ಪತ್ರ. ನಮ್ಮಲ್ಲಿ ಎಷ್ಟು ಜನ ಹಾಗೆ ಸೈನ್ ಹಾಕಿ, ಹೋಟೆಲಿನಲ್ಲಿ ಮಸಾಲೆದೋಸೆ ತಿಂದು, ಒಂದು ಸೀರೆ ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದಿಲ್ಲ?

ಅಕ್ಕ ಹೋದಳು. ಬೆಂಚಿನ ಮೇಲೆ ಕೂತಳು. "ಪೂರ್ತಿ ಓದಿ ಹೇಳಿ" ಎಂದು ಬರೆದವರಲ್ಲಿ ಕೇಳಿದಳು. ಓದಿದರು. ಕೇಳಿಸಿಕೊಂಡು, "ನಾನು ಇದಕ್ಕೆ ಸೈನ್ ಹಾಕುವುದಿಲ್ಲ. ನನ್ನ ಪಾಲು ನನಗೆ ಬೇಕು" ಎಂದಳಂತೆ. ಅಷ್ಟೇ. ದನಿ ಏರಿಸಲಿಲ್ಲ.

ಕಾನೂನು ಅವಳ ಕಡೆಗಿತ್ತು. ಕರ್ನಾಟಕದಲ್ಲಿ 1994ರ ಜುಲೈ ಕೊನೆಯಿಂದ ಜಾರಿಗೆ ಬಂದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತ್ತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ಅಕ್ಕ ಹೊರಗುಳಿದವರ ಪೈಕಿ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಗೆರೆಯನ್ನು ಅಳಿಸಿತು. ತಂದೆ ಆ ದಿನಕ್ಕೆ ಬದುಕಿರಬೇಕೇ ಬೇಡವೇ ಎಂಬ ಗೊಂದಲವನ್ನು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಬಗೆಹರಿಸಿತು: ಹಕ್ಕು ಹುಟ್ಟಿನಿಂದಲೇ ಬರುವುದು, ತಂದೆ ಬದುಕಿರಬೇಕಾಗಿಲ್ಲ. ಇದನ್ನೆಲ್ಲ ಅಕ್ಕ ಪುತ್ತೂರಿನ ವಕೀಲರೊಬ್ಬರಲ್ಲಿ ಮೊದಲೇ ಕೇಳಿ ತಿಳಿದುಕೊಂಡಿದ್ದಳು.

ಆದರೆ ನನ್ನನ್ನು ಕಾಡಿದ್ದು ಕಾನೂನಲ್ಲ. ಆಫೀಸಿನ ಅಂಗಳದಲ್ಲಿ ದೊಡ್ಡ ತಮ್ಮ ಅವಳಿಗೆ ಹೇಳಿದ ಮಾತು. "ಮೂವತ್ತು ವರ್ಷ ಒಂದು ಮಾತು ಆಡದವಳು! ಇದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ನಮಗೆ ಪಾಯಸ ಬಡಿಸ್ತಾ ಇದ್ದೆಯಾ?" ಅಕ್ಕ ಅವನಿಗೆ ಉತ್ತರ ಕೊಡಲಿಲ್ಲ. ಒಂದು ವಾರದ ಮೇಲೆ ನಮ್ಮ ಮನೆಗೆ ಬಂದು ನನ್ನನ್ನು ಕೇಳಿದಳು: "ಹೌದಾ? ನಾನು ಹಾಗೆ ಮಾಡಿದ್ದಾ?"

ನಿಜಕ್ಕೂ ಇದು ಕಷ್ಟದ ಪ್ರಶ್ನೆ. ಪುಸ್ತಕ ಓದಿದವರು ಇದನ್ನು ಸುಲಭಕ್ಕೆ ತಳ್ಳಿಹಾಕುತ್ತಾರೆ. ಶೋಷಿತರಿಗೆ ಮೌನವೇ ಉಪಾಯ ಎಂದು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ಅಕ್ಕನಿಗೆ ಅದು ಸಾಲದು. ಅವಳ ಸಹನೆ ಒಂದು ಹೊಂಚಾಗಿದ್ದರೆ ಅದರಲ್ಲಿದ್ದ ಪ್ರೀತಿ ಸುಳ್ಳೇ? ಪ್ರೀತಿ ನಿಜವಾಗಿದ್ದರೆ ಈಗ ಕೇಳಿದ್ದು ದ್ರೋಹವೇ? ತಮ್ಮನ ಮಾತಿನಲ್ಲಿ ನೋವೂ ಇತ್ತು, ಬರೀ ದುರಾಸೆಯಲ್ಲ. ಅವನನ್ನು ಎತ್ತಿ ಆಡಿಸಿದವಳು ಅವಳೇ.

ನಾನು ಅವಳಿಗೆ ಹೇಳಿದ್ದು ಆ ಮೂಲೆಯ ಒಂಟೆಯ ಸಂಗತಿ. ಅದೇ ಕಾಯಿ ಮನೆಯನ್ನೂ ಕಾಯುತ್ತದೆ, ದೂರವನ್ನೂ ನೋಡುತ್ತದೆ. ಎರಡರಲ್ಲಿ ಒಂದು ನಾಟಕವಾಗಿರಲೇಬೇಕೆಂದಿಲ್ಲ. ಪಾಯಸ ಬಡಿಸಿದ ಕೈ ನಿಜವಾಗಿಯೂ ಪಾಯಸವನ್ನೇ ಬಡಿಸಿತು. ಆ ಕೈಯ ಒಡತಿಗೆ ಆ ತೋಟ ತನ್ನದೂ ಹೌದು ಎಂಬುದು ಮರೆತಿರಲಿಲ್ಲ. ಗಂಡುಮಕ್ಕಳ ವಿಷಯದಲ್ಲಿ ನಾವು ಈ ಅನುಮಾನ ಪಡುತ್ತೇವೆಯೇ? ಅಪ್ಪನಿಗೆ ಔಷಧಿ ತಂದುಕೊಟ್ಟ ಮಗ ಮುಂದೆ ಆಸ್ತಿ ಪಡೆದರೆ, ಔಷಧಿ ತಂದದ್ದು ಆಸ್ತಿಗಾಗಿ ಎಂದು ಯಾರೂ ಹೇಳುವುದಿಲ್ಲ.

ಇನ್ನೊಂದು ಮಾತು. ಚದುರಂಗದ ಹಲಗೆಯಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಇಸ್ಪೀಟಿನ ಹಾಗೆ ಎಲೆಯನ್ನು ಎದೆಗೆ ಒತ್ತಿ ಹಿಡಿಯುವ ಆಟವಲ್ಲ ಅದು. ಕಪ್ಪಿನವಳ ಪ್ರತಿ ಕಾಯಿಯೂ ಬಿಳಿಯವನ ಕಣ್ಣೆದುರಿಗೇ ಇದೆ. ಅಕ್ಕನ ವಿಷಯದಲ್ಲೂ ಹಾಗೆಯೇ ಆಗಿತ್ತು. ಎರಡು ವರ್ಷದಿಂದ ಅವಳು ದೀಪಾವಳಿಗೆ ತವರಿನಿಂದ ಕೊಡುವ ಸೀರೆ ಬೇಡ ಎಂದಿದ್ದಳು. ಅಕ್ಕಿ ಮುಡಿ, ತೆಂಗಿನಕಾಯಿ ಕಳುಹಿಸಿದರೆ ಹಣ ಕೊಡುತ್ತಿದ್ದಳು. ಜಾಗದ ಆರ್.ಟಿ.ಸಿ. ತೆಗೆಸಲು ಹೋದ ದಿನ ಅವಳನ್ನು ಆಫೀಸಿನ ಹತ್ತಿರ ಇಳಿಸಿದ್ದು ಸಣ್ಣ ತಮ್ಮನದೇ ಜೀಪು. ಅಕ್ಕ ಎಷ್ಟು ಸ್ವಾಭಿಮಾನಿ ಎಂದು ತಮ್ಮಂದಿರು ಊರೆಲ್ಲ ಹೊಗಳಿದರು. ಕುದುರೆ ಹಿಂದೆ ಸರಿದದ್ದನ್ನು ಕಂಡರು, ಯಾವುದಕ್ಕೆ ದಾರಿ ಬಿಟ್ಟಿತು ಎಂದು ಕೇಳಲಿಲ್ಲ. ಮೊದಲ ನಡೆಯ ಅಭ್ಯಾಸವಿದ್ದವರಿಗೆ ಎದುರಿನವರ ನಡೆಯನ್ನು ನೋಡುವ ಅಭ್ಯಾಸ ಕಡಿಮೆ.

ಹಾಗಿದ್ದರೂ ಇಲ್ಲಿ ಹೋಲಿಕೆ ಸ್ವಲ್ಪ ಕುಂಟುತ್ತದೆ ಎಂದು ನನಗೂ ಗೊತ್ತು. ಆಟದಲ್ಲಿ ಎದುರಿನವನು ನನ್ನ ಮೌನವನ್ನು ಒಪ್ಪಿಗೆ ಎಂದು ತಿಳಿಯುವುದಿಲ್ಲ. ಮನೆಯಲ್ಲಿ ತಿಳಿಯುತ್ತಾನೆ. ಅಕ್ಕ ಒಂದು ಸಲವಾದರೂ ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎಂದು ಕೇಳುವವರಿಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಹೇಳಿದ್ದರೆ ದೊಡ್ಡಮ್ಮನ ಕೊನೆಗಾಲದಲ್ಲಿ ಆ ಮನೆಯ ಬಾಗಿಲು ಅವಳಿಗೆ ತೆರೆದಿರುತ್ತಿತ್ತೇ ಎಂದು ತಿರುಗಿ ಕೇಳಬಲ್ಲೆ, ಅಷ್ಟೆ. ಕೋಟೆ ಕಟ್ಟುವ ಮೊದಲೇ ಒಡೆಯುವ ನಡೆ ಆಡಿದವರು ಉಳಿದದ್ದು ಕಡಿಮೆ.

ನನ್ನ ಸೋದರತ್ತೆಯ ಬದುಕನ್ನೂ ಇದರ ಪಕ್ಕದಲ್ಲಿಟ್ಟು ನೋಡುತ್ತೇನೆ. ಅವರದು ಸಹನೆಗೆ ಹೆಸರಾದ ಜೀವ. ಗಂಡ ತೀರಿಕೊಂಡ ಮೇಲೆ ಮೈದುನಂದಿರ ಮನೆಯಲ್ಲಿ ನಲವತ್ತು ವರ್ಷ ಇದ್ದರು. ಅವರಿಗೆ ಎಲ್ಲವೂ ಗೊತ್ತಿತ್ತು: ಯಾವ ಕಾಗದ ಯಾವ ಪೆಟ್ಟಿಗೆಯಲ್ಲಿದೆ, ಗಂಡನ ಪಾಲಿನ ಗಡಿಕಲ್ಲು ಎಲ್ಲಿದೆ, ಯಾರ ಮಾತು ಯಾರ ಹತ್ತಿರ ನಡೆಯುತ್ತದೆ. ಸಮಯ ಬರಲಿ ಎನ್ನುತ್ತಿದ್ದರು. ಸಮಯ ಬಂದಿತ್ತು, ಎರಡು ಸಲವಂತೂ ನಾನೇ ಕಂಡಿದ್ದೆ. ಆಡಲಿಲ್ಲ. ಅವರು ಹೋದ ದಿನ ಎಂಥ ಸಾಧ್ವಿ ಎಂದು ಎಲ್ಲರೂ ಕೊಂಡಾಡಿದರು. ಪೆಟ್ಟಿಗೆ ತೆರೆದಾಗ ಕಾಗದಗಳನ್ನು ಗೆದ್ದಲು ತಿಂದಿತ್ತು. ಸಹನೆ ತಾನಾಗಿಯೇ ಒಂದು ಗುಣ ಎಂಬ ಮಾತನ್ನು ನಾನು ಆವತ್ತಿನಿಂದ ನಂಬುವುದಿಲ್ಲ. ಹೊರಗಿನಿಂದ ನೋಡಿದರೆ ಅತ್ತೆಯ ಮೂವತ್ತನೆಯ ವರ್ಷವೂ ಅಕ್ಕನ ಮೂವತ್ತನೆಯ ವರ್ಷವೂ ಒಂದೇ ತರಹ ಕಾಣುತ್ತಿತ್ತು.

ಎರಡನೆಯವರಾಗಿ ಮಾತಾಡುವುದರಲ್ಲಿ ಒಂದು ಅನುಕೂಲ ಇದೆ ಎಂಬುದನ್ನು ತಾಳಮದ್ದಳೆ ಕೇಳಿ ಬೆಳೆದ ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಮೊದಲು ಪೀಠಿಕೆ ಹೇಳಿದವರು ತಮ್ಮ ಮಾತನ್ನೆಲ್ಲ ಸಭೆಯ ಮುಂದೆ ಇಟ್ಟುಬಿಟ್ಟಿರುತ್ತಾರೆ. ಎದುರಿನ ಅರ್ಥಧಾರಿಗೆ ಅದೇ ಬಂಡವಾಳ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಆ ಪ್ರಶ್ನೆಗಳ ಬಿಗಿಯನ್ನು ಮರೆತಿರಲಾರರು. ಬಾಣ ಮೊದಲು ಬಿಟ್ಟವನು ರಾಮ, ಮಾತು ವಾಲಿಯದು. ದ್ರೌಪದಿಯಾದರೂ ಎರಡನೆಯ ನಡೆಯನ್ನೇ ಆಡಿದವಳು. ಪಣಕ್ಕಿಡುವಾಗ ಅವಳನ್ನು ಯಾರೂ ಕೇಳಲಿಲ್ಲ. ಕರೆಯಲು ಬಂದವನ ಕೈಯಲ್ಲಿ ಅವಳು ಒಂದು ಪ್ರಶ್ನೆ ಹೇಳಿಕಳುಹಿಸಿದಳು: ಯುಧಿಷ್ಠಿರ ಮೊದಲು ತನ್ನನ್ನು ಸೋತನೋ, ನನ್ನನ್ನು ಸೋತನೋ? ಇಡೀ ಸಭೆಯಲ್ಲಿ ಧರ್ಮ ತಿಳಿದವರೆಲ್ಲ ಕೂತಿದ್ದರು, ಉತ್ತರ ಬರಲಿಲ್ಲ. ಆದರೆ ಗಮನಿಸಿ, ಆ ಪ್ರಶ್ನೆಯಿಂದ ಅವಳಿಗಾದ ಅವಮಾನ ತಪ್ಪಲಿಲ್ಲ. ಚಂದದ ಉತ್ತರ ಕೊಟ್ಟ ಮಾತ್ರಕ್ಕೆ ಮೊದಲ ನಡೆಯ ಅನ್ಯಾಯ ಅಳಿಸಿಹೋಗುವುದಿಲ್ಲ. ಹೆಂಗಸರು ಕಪ್ಪು ಕಾಯಿಯಲ್ಲಿ ಎಷ್ಟು ಚೆನ್ನಾಗಿ ಆಡುತ್ತಾರೆ ನೋಡಿ ಎಂದು ಹೊಗಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹಾಗಾದರೆ ಮುಂದಿನ ಆಟಕ್ಕೆ ಬಣ್ಣ ಬದಲಿಸೋಣ ಎಂದು ಅವರು ಯಾರೂ ಹೇಳುವುದಿಲ್ಲ. ಪಂದ್ಯಗಳಲ್ಲಾದರೂ ಆ ನ್ಯಾಯ ಇದೆ, ಒಂದು ಆಟ ಬಿಳಿಯಾದರೆ ಇನ್ನೊಂದು ಕಪ್ಪು.

ನನ್ನಲ್ಲಿಗೆ ಬರುವ ಹುಡುಗಿಯೊಬ್ಬಳಿಗೆ ಕಪ್ಪು ಬಂದರೆ ಮುಖ ಸಣ್ಣದಾಗುತ್ತಿತ್ತು. 2024ರ ಡಿಸೆಂಬರ್ 12ರಂದು ಸಿಂಗಾಪುರದಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದಾಗ ಕೊನೆಯ, ಹದಿನಾಲ್ಕನೆಯ ಆಟದಲ್ಲಿ ಅವನ ಕೈಯಲ್ಲಿದ್ದದ್ದು ಕಪ್ಪು. ಗಂಟೆಗಟ್ಟಲೆ ಸಮಬಲದಲ್ಲಿದ್ದ ಆಟವನ್ನು ಸುಮ್ಮನೆ ಬಿಟ್ಟುಕೊಡದೆ ಎಳೆದುಕೊಂಡು ಹೋದ. ಡಿಂಗ್ ಲಿರೆನ್ ಐವತ್ತೈದನೆಯ ನಡೆಯಲ್ಲಿ ಆನೆಯನ್ನು ತಪ್ಪು ಮನೆಗೆ ಇಟ್ಟ. ಇದನ್ನು ಹೇಳಿದ ಮೇಲೆ ಆ ಹುಡುಗಿ ಸ್ವಲ್ಪ ಚೇತರಿಸಿಕೊಂಡಳು. 2025ರ ಜುಲೈಯಲ್ಲಿ ಮಹಿಳೆಯರ ವಿಶ್ವಕಪ್ಪಿನ ಕೊನೆಯ ಸುತ್ತಿಗೆ ಬಂದವರಿಬ್ಬರೂ ನಮ್ಮ ದೇಶದವರೇ, ಕೊನೇರು ಹಂಪಿ ಮತ್ತು ದಿವ್ಯಾ ದೇಶಮುಖ್. ದಿವ್ಯಾ ಗೆದ್ದಳು. ಅಕ್ಕತಂಗಿಯರಂತಿದ್ದ ಇಬ್ಬರು ಎದುರು ಬದುರು ಕೂತದ್ದನ್ನು ಅಜ್ಜಿ ನೋಡಿದ್ದರೆ ಏನೆನ್ನುತ್ತಿದ್ದರೋ.

ಅಜ್ಜಿಯ ಹೆದರಿಕೆ ಮಾತ್ರ ಸುಳ್ಳಲ್ಲ. ಆಟ ಮುಗಿದ ಮೇಲೆ ಎದುರಾಳಿಯ ಕೈ ಕುಲುಕಿ ಮನೆಗೆ ಬರಬಹುದು. ತವರಿನವರ ಕೈ ಕುಲುಕಿ ಎಲ್ಲಿಗೆ ಹೋಗುವುದು? ತಮ್ಮನನ್ನು ಸೋಲಿಸಿದರೆ ಸೋತ ಮನೆಯೂ ನಮ್ಮದೇ. ಅಕ್ಕ ಕೋರ್ಟಿಗೆ ಹೋಗಿದ್ದರೆ ಕಾಲುಪಾಲು ಪೂರ್ತಿಯಾಗಿ ಸಿಗುತ್ತಿತ್ತು ಎಂದು ವಕೀಲರು ಹೇಳಿದ್ದರು. ನಾನೂ ಬಿಡಬೇಡ, ಆಡು ಎಂದೇ ಒತ್ತಾಯಿಸಿದೆ. ಒಂದೂವರೆ ವರ್ಷ ಮಾತುಕತೆ ನಡೆದು ಕೊನೆಗೆ ಅವಳು ಒಪ್ಪಿಕೊಂಡದ್ದು ತೋಡಿನ ಬದಿಯ ಅರವತ್ತು ಸೆಂಟ್ಸು, ಅವಳ ಹೆಸರಿಗೆ ರಿಜಿಸ್ಟ್ರಿಯಾಗಿ. ಸಮಪಾಲಿಗಿಂತ ಬಹಳ ಕಡಿಮೆ. "ಸ್ವಲ್ಪವಾದರೂ ನನ್ನ ಹೆಸರಲ್ಲಿ ಉಂಟಲ್ಲ. ಆ ಮನೆಗೆ ಹೋಗಿ ಬರುವ ದಾರಿಯೂ ಬೇಕಲ್ಲ ನನಗೆ" ಎಂದಳು. ನನಗೆ ಈಗಲೂ ಅದು ಪೂರ್ತಿ ಒಪ್ಪಿಗೆಯಿಲ್ಲ. ಅವಳು ಇನ್ನೂ ಹತ್ತು ನಡೆ ಆಡಬಹುದಿತ್ತು ಎಂದೇ ನನ್ನ ಅಭಿಪ್ರಾಯ. ಆದರೆ ಆ ಹಲಗೆಯ ಮುಂದೆ ಕೂತವಳು ಅವಳು, ನಾನಲ್ಲ.

ಅಲ್ಲಿ ಮೊದಲಿನಿಂದ ಇದ್ದ ಹಳೆಯ ಅಡಿಕೆ ಮರಗಳಿಗೆ ಅಕ್ಕ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದಾಳೆ. ಬೇಸಿಗೆಯಲ್ಲಿ ವಾರಕ್ಕೆರಡು ದಿನ ಸಣ್ಣ ತಮ್ಮ ತನ್ನ ಪಂಪಿನಿಂದ ನೀರು ಬಿಡುತ್ತಾನೆ, ಕರೆಂಟಿನ ಖರ್ಚೆಂದು ಅವಳು ಕೊಡುವ ಹಣವನ್ನು ಎಣಿಸಿಯೇ ತೆಗೆದುಕೊಳ್ಳುತ್ತಾನೆ. ದೊಡ್ಡ ತಮ್ಮ ಇನ್ನೂ ಮಾತಾಡುವುದಿಲ್ಲ. ಕಳೆದ ವರ್ಷದ ತಿಥಿಗೆ ಅಕ್ಕ ಹೋಗಿದ್ದಳು. ಅಡಿಗೆಗೆ ಬೇರೆ ಜನ ಮಾಡಿದ್ದರಂತೆ. ಅವಳು ಚಾವಡಿಯಲ್ಲಿ ಎಲೆ ಹಾಕಿಸಿಕೊಂಡು ಕೂತಳಂತೆ, ಪಾಯಸವನ್ನು ಎರಡು ಸಲ ಬಡಿಸಿದರಂತೆ.